ಗಾಡಿ ಬರುತ್ತದೆ, ದಾರಿ ನಾವು ತೋರಿಸೋಣ

ಊರಲ್ಲಿ ಯಾರಿಗೋ ಆಪತ್ತು ಬಂತು. ಆಗ ಏನು ಮಾಡ್ತೀರಿ? 108ಕ್ಕೆ ಫೋನ್ ಮಾಡ್ತೀವಿ ಅಂತೀರಿ. ಸರಿ. ಫೋನ್ ಮಾಡಿದ ಮೇಲೆ ಏನು ಮಾಡ್ತೀರಿ?

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರ ನವೆಂಬರ್ ತಿಂಗಳಲ್ಲಿ. ಈ ಯೋಜನೆಯ ಹೆಸರು ಆರೋಗ್ಯ ಕವಚ. ಫೋನಿಗೆ ದುಡ್ಡಿಲ್ಲ. ಗಾಡಿಗೂ ದುಡ್ಡಿಲ್ಲ. ಹಗಲೂ ಉಂಟು, ರಾತ್ರಿಯೂ ಉಂಟು. ಗಾಡಿಯಲ್ಲಿ ಚಾಲಕರ ಜೊತೆ ಪ್ರಥಮ ಚಿಕಿತ್ಸೆ ಕಲಿತವರು ಒಬ್ಬರು ಇರುತ್ತಾರೆ.

ಆದರೆ ಚಾಲಕರಿಗೆ ನಮ್ಮ ಮನೆ ಗೊತ್ತಿಲ್ಲ. ಅವರು ದೊಡ್ಡ ರಸ್ತೆವರೆಗೆ ಬರುತ್ತಾರೆ. ಅಲ್ಲಿಂದ ಮನೆಬಾಗಿಲಿಗೆ ಕರೆತರುವ ಕೆಲಸ ಊರವರದು.

ಕಟ್ಟೆಯ ಮೇಲೆ ಮಾತು

ಹೊಸಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ಸಭೆ. ಆಶಾ ಕಾರ್ಯಕರ್ತೆಯೂ ಬಂದಿದ್ದಾರೆ.

ಅಜ್ಜಿ: ಹೋದ ಮಳೆಗಾಲದಲ್ಲಿ ಕೊನೇಮನೆ ಸೊಸೆಗೆ ರಾತ್ರಿ ಹೆರಿಗೆ ನೋವು ಬಂತಲ್ಲ, ಆವತ್ತು ಗಾಡಿ ಯಾಕೆ ತಡವಾಯ್ತು?

ಆಶಾ ಅಕ್ಕ: ನಮ್ಮ ತಾಲ್ಲೂಕಲ್ಲಿ ಹೊಸಹಳ್ಳಿ ಅಂತ ಎರಡು ಊರಿವೆ ಅಜ್ಜಿ. ಫೋನ್ ಮಾಡಿದ ಹುಡುಗ ಹೋಬಳಿ ಹೆಸರು ಹೇಳಲಿಲ್ಲ. ಗಾಡಿ ಆ ಹೊಸಹಳ್ಳಿಗೆ ಹೋಯ್ತು.

ಸೊಸೆಯ ಅತ್ತೆ: ಆಮೇಲೆ ಇಲ್ಲಿಗೆ ಬಂದರೂ ಕ್ರಾಸಿನಲ್ಲಿ ಯಾರೂ ಇರಲಿಲ್ಲ. ಬೀದಿಗೆ ಅಡ್ಡ ಟ್ರ್ಯಾಕ್ಟರ್ ನಿಂತಿತ್ತು. ಅಷ್ಟರಲ್ಲಿ ಮಗು ಹುಟ್ಟಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ಆಸ್ಪತ್ರೆ ಸೇರೋ ಹೊತ್ತಿಗೆ ಕೈಕಾಲು ತಣ್ಣಗಾಗಿತ್ತು. ನಮ್ಮ ಪುಣ್ಯ, ಬದುಕಿದಳು.

ಆಶಾ ಅಕ್ಕ: ಪುಣ್ಯ ನಂಬಿಕೊಂಡು ಪ್ರತಿಸಲ ಕೂರೋಕಾಗುತ್ತಾ ಅಮ್ಮ? ಹತ್ತು ಜನ ಸೇರಿ ಕೆಲಸ ಹಂಚಿಕೊಳ್ಳೋಣ.

ಎಲ್ಲರೂ ಒಪ್ಪಿದರು. ಯಾರು ಯಾವ ಕೆಲಸ ಮಾಡಬೇಕು ಎಂದು ಬರೆದುಕೊಂಡರು.

ಹಂಚಿಕೊಂಡ ಕೆಲಸ

1. ಫೋನ್ ಮಾಡುವುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಹತ್ತಿರದ ಗುರುತು ಹೇಳಬೇಕು. ಏನಾಗಿದೆ, ಎಷ್ಟು ಜನರಿಗೆ ಆಗಿದೆ, ಹೇಳಬೇಕು. ಅವರು ಕೇಳಿ ಮುಗಿಸುವವರೆಗೆ ಫೋನ್ ಇಡಬಾರದು. ಆಮೇಲೆ ಆ ಫೋನಿನಲ್ಲಿ ನೆಂಟರಿಗೆಲ್ಲ ಸುದ್ದಿ ಹೇಳುತ್ತಾ ಕೂರಬಾರದು. ದಾರಿ ಕೇಳಲು ಅದೇ ಫೋನಿಗೆ ಕರೆ ಬರುತ್ತದೆ.

2. ಕ್ರಾಸಿಗೆ ಹೋಗುವುದು. ಇಬ್ಬರು ಹೋಗಬೇಕು. ರಾತ್ರಿಯಾದರೆ ಟಾರ್ಚ್ ಇರಬೇಕು. ಗಾಡಿ ಕಂಡರೆ ಕೈ ಬೀಸಿ ಕರೆಯಬೇಕು.

3. ದಾರಿ ಬಿಡಿಸುವುದು. ಎತ್ತಿನ ಗಾಡಿ, ಟ್ರ್ಯಾಕ್ಟರ್, ಕಟ್ಟಿಗೆ ಬೀದಿಯಲ್ಲಿದ್ದರೆ ತೆಗೆಸಬೇಕು. ಮದುವೆ ಚಪ್ಪರ ಹಾಕುವಾಗಲೂ ಗಾಡಿ ಹೋಗುವಷ್ಟು ಜಾಗ ಬಿಡಬೇಕು.

4. ರೋಗಿಯ ಬಳಿ ಇರುವುದು. ಸುತ್ತ ಜನ ಮುತ್ತಬಾರದು. ಗಾಯದಿಂದ ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಮರದಿಂದ ಬಿದ್ದವರನ್ನು ಎತ್ತಿ ಕೂರಿಸಬಾರದು. ಹಾವು ಕಚ್ಚಿದವರನ್ನು ನಡೆಸಬಾರದು. ಗಾಯ ಕೊಯ್ಯಬಾರದು. ಹಗ್ಗದಿಂದ ಬಿಗಿಯಾಗಿ ಕಟ್ಟಬಾರದು. ಹಾವಿನ ವಿಷಕ್ಕೆ ಮದ್ದು ಇರುವುದು ಆಸ್ಪತ್ರೆಯಲ್ಲಿ, ಮಂತ್ರದಲ್ಲಿ ಅಲ್ಲ.

5. ಮನೆ ನೋಡಿಕೊಳ್ಳುವುದು. ಇದು ಸಣ್ಣ ಕೆಲಸ ಅನ್ನಬೇಡಿ. "ಮಕ್ಕಳನ್ನ ಯಾರು ನೋಡ್ತಾರೆ? ಹಸುವಿನ ಹಾಲು ಯಾರು ಕರೀತಾರೆ?" ಅಂತ ಎಷ್ಟೋ ಹೆಂಗಸರು ಆಸ್ಪತ್ರೆಗೆ ಹೋಗಲು ಹಿಂದೆಮುಂದೆ ನೋಡುತ್ತಾರೆ. "ನಾವಿದ್ದೀವಿ, ನೀನು ಹೋಗು" ಅನ್ನಲು ಒಬ್ಬರು ಬೇಕು.

ಪೊಲೀಸರ ಭಯ ಬೇಡ

ಯುವಕ: ರಸ್ತೆಯಲ್ಲಿ ಬೈಕಿನಿಂದ ಬಿದ್ದವರಿಗೆ ಸಹಾಯ ಮಾಡಿದರೆ ಸಾಕ್ಷಿ ಅಂತ ಸ್ಟೇಷನ್ನಿಗೆ ಅಲೆಸ್ತಾರಲ್ವಾ ಅಕ್ಕ?

ಆಶಾ ಅಕ್ಕ: ಆ ಭಯ ಬಿಡಪ್ಪ. ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಯಲ್ಲೂ ಇದನ್ನು ಸೇರಿಸಿದ್ದಾರೆ. ಹೆಸರು, ವಿಳಾಸ ಹೇಳು ಅಂತ ಬಲವಂತ ಮಾಡುವಂತಿಲ್ಲ. ಸಾಕ್ಷಿ ಹೇಳುವುದು ನಿನ್ನ ಇಷ್ಟ.

ಕಲಿತ ಅಕ್ಷರ ಕೆಲಸಕ್ಕೆ ಬಂತು

ಕ್ರಾಸಿನಲ್ಲಿ ಊರ ಹೆಸರಿನ ಬೋರ್ಡು ಇರಲಿಲ್ಲ. ಕಲಿಕಾ ಕೇಂದ್ರದ ಹೆಂಗಸರೇ ಒಂದು ಹಲಗೆ ತಂದರು. ಸುಣ್ಣ ಬಳಿದರು. ದಪ್ಪ ಅಕ್ಷರದಲ್ಲಿ ಊರ ಹೆಸರು, ಹೋಬಳಿ ಹೆಸರು ಬರೆದರು. ಕೆಳಗೆ ಬಾಣದ ಗುರುತು ಹಾಕಿದರು. ಅಕ್ಷರ ಸ್ವಲ್ಪ ಸೊಟ್ಟಗಿತ್ತು. ಆದರೂ ದೂರದಿಂದ ಓದಲು ಬರುತ್ತಿತ್ತು. ಅಷ್ಟು ಸಾಕು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಕ್ರಾಸಿನಲ್ಲಿ ಬೋರ್ಡು ಇದೆಯೇ? ಇಂದೇ ಹೋಗಿ ನೋಡಿ.

ಉತ್ತರ ಹೇಳಿ

1. ಆಂಬುಲೆನ್ಸ್ ಮೊದಲು ಬೇರೆ ಊರಿಗೆ ಏಕೆ ಹೋಯಿತು?
2. ಹಾವು ಕಚ್ಚಿದವರಿಗೆ ಏನೇನು ಮಾಡಬಾರದು?
3. ನಿಮ್ಮ ಬೀದಿಯಲ್ಲಿ ಗಾಡಿಗೆ ಅಡ್ಡವಾಗುವುದು ಯಾವುದು? ಅದನ್ನು ತೆಗೆಸುವುದು ಹೇಗೆ? ಚರ್ಚೆ ಮಾಡಿ.

ಬರೆಯಿರಿ. ಮನೆಯ ಗೋಡೆಗೆ ಅಂಟಿಸಿ.

ನಮ್ಮ ಊರು: ..............
ಹೋಬಳಿ: ..............
ತಾಲ್ಲೂಕು: ..............
ಜಿಲ್ಲೆ: ..............
ಮನೆ ಹತ್ತಿರದ ಗುರುತು: ..............
ಕ್ರಾಸಿಗೆ ಹೋಗುವವರು: .............. ಮತ್ತು ..............
ಆಂಬುಲೆನ್ಸ್ ಫೋನ್: 108