ಬೈಕ್ ನಿಜಕ್ಕೂ ದುಡ್ಡು ಉಳಿಸುತ್ತದೆಯೇ?

ಹೊಸ ಗಾಡಿ ಕಂಡರೆ ನಮ್ಮಲ್ಲಿ ಮೊದಲು ಕೇಳುವುದೇ 'ಎಷ್ಟು ಕೊಡುತ್ತೆ?' ಎಂದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದು ಪ್ರಶ್ನೆ. ಹೊಸದಾಗಿ ಕೆಲಸಕ್ಕೆ ಸೇರಿ, ಬೈಕ್ ತೆಗೆದುಕೊಳ್ಳುವುದೋ ಸಣ್ಣದೊಂದು ಕಾರು ನೋಡುವುದೋ ಎಂದು ತೂಗಿ ನೋಡುತ್ತಿರುವವರಿಗೆ ಇದರ ಉತ್ತರ ಬೇಕು, ಆದರೆ ಅದೊಂದೇ ಸಾಲದು. ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಗುಣಿಸಿ ಭಾಗಿಸುವುದು ಬಂದರೆ ಸಾಕು.

ಮೊದಲು ಪೆಟ್ರೋಲ್. ಲೆಕ್ಕ ಸುಲಭವಾಗಲೆಂದು ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. 100 ಸಿಸಿಯ ಬೈಕು ಊರೊಳಗೆ ಸುಮಾರು 60 ಕಿ.ಮೀ. ಕೊಡುತ್ತದೆ. ಸಣ್ಣ ಪೆಟ್ರೋಲ್ ಕಾರು ಅದೇ ಟ್ರಾಫಿಕ್‌ನಲ್ಲಿ 15ರ ಆಸುಪಾಸು. ಅಂದರೆ ಕಿ.ಮೀ.ಗೆ ಬೈಕಿಗೆ 1 ರೂಪಾಯಿ 67 ಪೈಸೆ, ಕಾರಿಗೆ 6 ರೂಪಾಯಿ 67 ಪೈಸೆ. ವ್ಯತ್ಯಾಸ 5 ರೂಪಾಯಿ. ಈ ಐದನ್ನು ಕಾಗದದ ಮೇಲೆ ಬರೆದಿಡಿ, ಮುಂದೆ ಬೇಕು.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಸ್ಪ್ಲೆಂಡರ್ ಬೈಕಿನ ತೂಕ ಸುಮಾರು 112 ಕೆ.ಜಿ. ಆಲ್ಟೊದಂಥ ಚಿಕ್ಕ ಕಾರು ಕೂಡ 700 ಕೆ.ಜಿ. ದಾಟುತ್ತದೆ. ತೂಕ ಆರು ಪಟ್ಟಿಗಿಂತ ಹೆಚ್ಚು, ಪೆಟ್ರೋಲ್ ಮಾತ್ರ ನಾಲ್ಕೇ ಪಟ್ಟು. ಕಾರಣಗಳಲ್ಲೊಂದು ಗಾಳಿ. ಕಾರಿನ ಮೈಯನ್ನು ಗಾಳಿ ಜಾರಿಹೋಗುವಂತೆ ತಿದ್ದಿರುತ್ತಾರೆ. ಬೈಕಿನ ಮೇಲೆ ನೆಟ್ಟಗೆ ಕೂತವರ ಎದೆ, ಹೆಗಲು, ಮೊಣಕಾಲು ಎಲ್ಲವೂ ಗಾಳಿಗೆ ಅಡ್ಡ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವ ಊರೊಳಗೆ ತೂಕವೇ ಪೆಟ್ರೋಲ್ ಕುಡಿಯುವುದರಿಂದ ಅಲ್ಲಿ ಬೈಕಿನದೇ ಗೆಲುವು. ಹೈವೇಯಲ್ಲಿ ವೇಗ 80 ದಾಟಿತೆಂದರೆ ಅಂತರ ಕಿರಿದಾಗುತ್ತದೆ.

ಇಷ್ಟು ಹೊತ್ತೂ 'ಬೈಕ್' ಎಂದೆವು. ಯಾವ ಬೈಕ್? 350 ಸಿಸಿಯ ಬುಲೆಟ್ಟು 30ರಿಂದ 35 ಕೊಡುತ್ತದೆ. 650 ಸಿಸಿಗೆ ಹೋದರೆ 25 ಬಂದರೂ ದೊಡ್ಡದು. ಸಾವಿರ ಸಿಸಿಯ ಸ್ಪೋರ್ಟ್ಸ್ ಬೈಕು ಸಣ್ಣ ಕಾರಿನ ಸಮಕ್ಕೇ ಕುಡಿಯುತ್ತದೆ, ಅದೂ ಒಬ್ಬರನ್ನೇ ಹೊತ್ತುಕೊಂಡು. ಸರ್ಕಾರವೂ ಬೈಕುಗಳನ್ನೆಲ್ಲ ಒಂದೇ ಎಂದು ನೋಡುವುದಿಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ ಥರ್ಡ್ ಪಾರ್ಟಿ ವಿಮೆಗೆ 75ರಿಂದ 150 ಸಿಸಿಯ ಬೈಕಿಗೆ ವರ್ಷಕ್ಕೆ 714 ರೂಪಾಯಿ. 350 ಸಿಸಿ ಮೀರಿದರೆ 2,804 ರೂಪಾಯಿ. 1000 ಸಿಸಿಯೊಳಗಿನ ಕಾರಿಗೆ? 2,094. ದೊಡ್ಡ ಬೈಕಿನ ಕಂತು ಸಣ್ಣ ಕಾರಿನದಕ್ಕಿಂತ ಹೆಚ್ಚು! 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಕೂಡ ಹಾಗೆಯೇ: 350 ಸಿಸಿವರೆಗಿನ ಬೈಕಿಗೂ ಸಣ್ಣ ಪೆಟ್ರೋಲ್ ಕಾರಿಗೂ ಶೇ. 18, ಅದಕ್ಕಿಂತ ದೊಡ್ಡ ಬೈಕಿಗೆ ಶೇ. 40. ಕರ್ನಾಟಕದ ರಸ್ತೆ ತೆರಿಗೆಯ ದರಪಟ್ಟಿಯಲ್ಲಿ ಒಂದು ಲಕ್ಷ ಮೀರಿದ ಪೆಟ್ರೋಲ್ ಬೈಕಿಗೆ, ಸೆಸ್ ಬಿಟ್ಟು, ಶೇ. 18. ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇ. 14. ಷೋರೂಮಿನಲ್ಲಿ ಹೇಳುವ ಬೆಲೆಯನ್ನು ನಂಬಿ ಕೂರಬೇಡಿ, ಆನ್‌ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಈಗ ಬರೆದಿಟ್ಟ ಐದು ರೂಪಾಯಿಗೆ ಬರೋಣ. ದಿನಕ್ಕೆ 20 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಾಡಿದರೆ 6,000 ಕಿ.ಮೀ. ಆಗುತ್ತದೆ. ಉಳಿತಾಯ ವರ್ಷಕ್ಕೆ 30,000 ರೂಪಾಯಿ, ತಿಂಗಳಿಗೆ 2,500. ಕಾರೇ ಇಲ್ಲದವರು ಐದೂವರೆ ಲಕ್ಷದ ಕಾರನ್ನು ಬಿಟ್ಟು ಒಂದು ಲಕ್ಷದ ಬೈಕ್ ತಂದರು ಎನ್ನೋಣ. ಕೊಳ್ಳುವಾಗಲೇ ಉಳಿದದ್ದು ನಾಲ್ಕೂವರೆ ಲಕ್ಷ. ಅಷ್ಟನ್ನು ಪೆಟ್ರೋಲಿನಲ್ಲಿ ಉಳಿಸಬೇಕಾದರೆ ಹದಿನೈದು ವರ್ಷ ಓಡಿಸಬೇಕು. ಬೈಕಿನ ಉಳಿತಾಯ ಬಹುಪಾಲು ಇರುವುದು ಮೈಲೇಜಿನಲ್ಲಲ್ಲ, ಕೊಳ್ಳದೇ ಬಿಟ್ಟ ಕಾರಿನಲ್ಲಿ.

ಮನೆ ಮುಂದೆ ಆಗಲೇ ಕಾರು ನಿಂತಿದ್ದರೆ ಲೆಕ್ಕ ತಿರುಗಿಬಿಡುತ್ತದೆ. ಕಾರಿನ ವಿಮೆ, ಸಾಲದ ಕಂತು, ವರ್ಷಕ್ಕೊಂದು ಸರ್ವಿಸ್, ನಿಂತಲ್ಲೇ ಸತ್ತುಹೋಗುವ ಬ್ಯಾಟರಿ ಯಾವುದೂ ತಪ್ಪುವುದಿಲ್ಲ. ಉಳಿಯುವುದು ಪೆಟ್ರೋಲ್ ಮಾತ್ರ. ಒಂದು ಲಕ್ಷದ ಬೈಕ್ ತನ್ನ ಬೆಲೆಯನ್ನು ತೀರಿಸಲು 20,000 ಕಿ.ಮೀ. ಓಡಬೇಕು, ನಮ್ಮ ಲೆಕ್ಕದಲ್ಲಿ ಮೂರು ವರ್ಷದ ಮೇಲೆ ನಾಲ್ಕು ತಿಂಗಳು. ಪರವಾಗಿಲ್ಲ. ಬದಲಿಗೆ 2 ಲಕ್ಷ 20 ಸಾವಿರ ಕೊಟ್ಟು 350 ಸಿಸಿ ತಂದರೆ ಕಿ.ಮೀ.ಗೆ ಉಳಿಯುವುದು ಮೂರೂವರೆ ರೂಪಾಯಿಯ ಆಸುಪಾಸು. ಬೆಲೆ ತೀರಲು ಸುಮಾರು 60,000 ಕಿ.ಮೀ., ಅಂದರೆ ಹತ್ತು ವರ್ಷ. ಬುಲೆಟ್ಟಿನ ಮೇಲೆ ಆಸೆಯಿದ್ದರೆ ಖಂಡಿತ ತನ್ನಿ, ಆಸೆಗೂ ಬೆಲೆಯಿದೆ. ಉಳಿತಾಯಕ್ಕೆಂದು ತಂದೆ ಎಂದು ಮಾತ್ರ ಮನೆಯಲ್ಲಿ ಹೇಳಬೇಡಿ.

ಸರ್ವಿಸ್ ಖರ್ಚಿನಲ್ಲಿ 100 ಸಿಸಿಯ ಗಾಡಿಗೆ ಸಾಟಿಯಿಲ್ಲ. ಆಯಿಲ್ ಒಂದು ಲೀಟರಿನಷ್ಟು, ಚೈನ್ ಸ್ಪ್ರಾಕೆಟ್ ಯಾವ ಗ್ಯಾರೇಜಿನಲ್ಲೂ ಸಿಗುತ್ತದೆ. ದೊಡ್ಡ ಬೈಕುಗಳ ಮಾತು ಬೇರೆ. ಅವುಗಳ ಮೆತ್ತನೆಯ ಟೈರ್ ಹತ್ತು ಹನ್ನೆರಡು ಸಾವಿರ ಕಿ.ಮೀ.ಗೇ ಸವೆಯುವುದುಂಟು, ಕಾರಿನ ಟೈರ್ ನಲವತ್ತು ಸಾವಿರ ಬರುತ್ತದೆ. ಅಂಥ ಒಂದು ಜೊತೆ ಟೈರಿನ ಬೆಲೆಗೆ ಸಣ್ಣ ಕಾರಿನ ನಾಲ್ಕೂ ಟೈರ್ ಬಂದುಬಿಡುತ್ತವೆ.

ರಾಷ್ಟ್ರೀಯ ಹೆದ್ದಾರಿಯ ಟೋಲ್ ಬೈಕಿಗಿಲ್ಲ, ಅದೊಂದು ಲಾಭ. ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವೂ ಇಲ್ಲ, ಸರ್ವಿಸ್ ರಸ್ತೆಯೇ ಗತಿ.

ಎಷ್ಟು ಜನ ಹೋಗುತ್ತೀರಿ ಎಂಬುದನ್ನೂ ಕೇಳಿಕೊಳ್ಳಿ. ಇಬ್ಬರು ಕೂತ 100 ಸಿಸಿಯ ಬೈಕನ್ನು ತುಂಬಿದ ಕಾರೂ ಸೋಲಿಸಲಾರದು. ಆದರೆ 350 ಸಿಸಿಯಲ್ಲಿ ಒಬ್ಬರೇ ಹೋಗುವುದೂ ಸಣ್ಣ ಕಾರಿನಲ್ಲಿ ಇಬ್ಬರು ಹೋಗುವುದೂ ಪೆಟ್ರೋಲಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ. ಗಂಡ, ಹೆಂಡತಿ, ಮಧ್ಯೆ ಒಂದು, ಟ್ಯಾಂಕಿನ ಮೇಲೆ ಇನ್ನೊಂದು ಮಗು ಎಂಬ ಲೆಕ್ಕವನ್ನು ಮಾತ್ರ ನಾನು ಹೇಳಿಕೊಡುವುದಿಲ್ಲ. ಅದು ಕಾನೂನಿಗೂ ವಿರುದ್ಧ.

ಮೈಯ ಲೆಕ್ಕವನ್ನು ಷೋರೂಮಿನಲ್ಲಿ ಯಾರೂ ತೆಗೆಯುವುದಿಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ. 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ರಸ್ತೆಯಲ್ಲಿ ಬೈಕುಗಳೇ ಹೆಚ್ಚಿರುವುದೂ ಇದಕ್ಕೊಂದು ಕಾರಣ ನಿಜ. ಆದರೂ ಬಿದ್ದಾಗ ಸುತ್ತ ತಗಡಿನ ಗೂಡಿಲ್ಲ ಎಂಬುದು ಬದಲಾಗದು. ಹಾಗಾಗಿ ಐಎಸ್ಐ ಗುರುತಿನ ಎರಡು ಹೆಲ್ಮೆಟ್, ಕೈಗವಸು, ಗಟ್ಟಿ ಶೂ, ಅಪಘಾತ ವಿಮೆ ಇವನ್ನೆಲ್ಲ ಗಾಡಿಯ ಬೆಲೆಗೇ ಸೇರಿಸಿ. ರೇನ್‌ಕೋಟನ್ನೂ ಸೇರಿಸಿ. ಜೋರು ಮಳೆಯ ಸಂಜೆ ಗಾಡಿಯನ್ನು ಆಫೀಸಿನಲ್ಲೇ ಬಿಟ್ಟು ಆಟೊ ಹತ್ತುತ್ತೀರಲ್ಲ, ಆ ಬಾಡಿಗೆಯನ್ನೂ ಬೈಕಿನ ಖಾತೆಗೇ ಬರೆಯಿರಿ.