ಬರಹವನ್ನು ಕಾಯುವ ಬಗೆ

ರಾಯಚೂರು ಜಿಲ್ಲೆಯ ಮಸ್ಕಿಯ ಬೆಟ್ಟದಲ್ಲಿ ಒಂದು ಹೆಬ್ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹವನ್ನು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮೊದಲಿಗೆ ಗುರುತಿಸಿದನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಆ ಹೊತ್ತಿಗೆ ವಿದ್ವಾಂಸರು ಓದಿದ್ದ ಇಂಥ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವೇ ಹೊರತು ಅರಸನ ಹೆಸರು ಇರಲಿಲ್ಲ. ಮಸ್ಕಿಯ ಬಂಡೆ ‘ಅಶೋಕ’ ಎಂಬ ಹೆಸರನ್ನೇ ನುಡಿಯಿತು. ಮುಂದೆ ತುಂಗಭದ್ರೆಯ ಆಚೆಗಿರುವ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೋಳಗಳಲ್ಲಿಯೂ ಆ ಹೆಸರು ದೊರೆಯಿತು.

ಇಷ್ಟು ಮಹತ್ತ್ವದ ಬರಹವೂ ಮಸ್ಕಿಯಲ್ಲಿ ಇಡಿಯಾಗಿ ಉಳಿದಿಲ್ಲ. ಕಲ್ಲು ಸವೆದು ಹಲವು ಅಕ್ಷರಗಳು ಅಳಿಸಿಹೋಗಿವೆ. ಹಾಗಿದ್ದರೂ ಅದರ ಅರ್ಥ ನಮಗೆ ತಿಳಿದಿದೆ. ಏಕೆಂದರೆ ಅದೇ ಧರ್ಮಾಜ್ಞೆಯನ್ನು ಚಕ್ರವರ್ತಿ ಬೇರೆ ಬೇರೆ ಸ್ಥಳಗಳಲ್ಲಿಯೂ ಕೆತ್ತಿಸಿದ್ದನು. ಕೊಪ್ಪಳದ ಎರಡು ಬೆಟ್ಟಗಳನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1931ರಲ್ಲಿ ಅಲ್ಲಿ ಎರಡು ಪ್ರತಿಗಳು ಬೆಳಕಿಗೆ ಬಂದವು. ಪಾಲ್ಕಿಗುಂಡಿನ ಪ್ರತಿ ಬಹುಮಟ್ಟಿಗೆ ನಾಶವಾಗಿತ್ತು. ಗವಿಮಠದ ಪ್ರತಿ ಮಾತ್ರ ಚೆನ್ನಾಗಿ ಉಳಿದಿತ್ತು. ಒಂದು ಕಲ್ಲು ಕಳೆದುಕೊಂಡದ್ದನ್ನು ಇನ್ನೊಂದು ಕಲ್ಲು ಕಾಪಾಡಿತು.

ಕಲ್ಲಿನ ಕಾಲ ಮುಗಿಯಿತು. ಇಂದು ನಮ್ಮ ಬದುಕಿನ ಮುಖ್ಯ ಬರಹಗಳು ಗಣಕಯಂತ್ರಗಳಲ್ಲಿವೆ. ರೈತನ ಪಹಣಿಯನ್ನೇ ನೋಡೋಣ. ಹಿಂದೆ ಅದು ಗ್ರಾಮಲೆಕ್ಕಿಗರ ಪುಸ್ತಕದಲ್ಲಿ ಕೈಬರಹದಲ್ಲಿ ಇರುತ್ತಿತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಬ್ಯಾಂಕಿನ ಸಾಲಕ್ಕೂ, ಬೆಳೆವಿಮೆಗೂ, ಅಣ್ಣತಮ್ಮಂದಿರ ಪಾಲಿಗೂ ಪಹಣಿಯೇ ಆಧಾರ. ಅದು ಅಳಿಸಿಹೋದರೆ ಸಿಂಧನೂರಿನ ಒಬ್ಬ ಗೇಣಿದಾರನ ಮಗನಾಗಲಿ, ನೂರು ಎಕರೆಯ ಒಡೆಯನಾಗಲಿ ತನ್ನ ಹಕ್ಕನ್ನು ಹೇಗೆ ಸಾಧಿಸಿಯಾನು?

ಅನೇಕರ ಕೋರಿಕೆಗಳಿಗೆ ಏಕಕಾಲದಲ್ಲಿ ಉತ್ತರ ಕೊಡುತ್ತ ಹಗಲಿರುಳೂ ದುಡಿಯುವ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದರ ಮಾಹಿತಿ ಹಾರ್ಡ್ ಡಿಸ್ಕ್‌ಗಳಲ್ಲಿ ನೆಲೆಸಿರುತ್ತದೆ. ಸಾಧಾರಣವಾದ ಒಂದು ಹಾರ್ಡ್ ಡಿಸ್ಕ್ ಒಳಗಿನ ತಟ್ಟೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಬರೆಯುವ, ಓದುವ ಸೂಕ್ಷ್ಮ ಸಾಧನವು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಕಿರಿದಾದ ಅಂತರದಲ್ಲಿ ತೇಲುತ್ತಿರುತ್ತದೆ. ಇಂಥ ಯಂತ್ರ ಒಂದಲ್ಲ ಒಂದು ದಿನ ಕೆಡುತ್ತದೆ. ತಿರುಗುವ ಭಾಗಗಳೇ ಇಲ್ಲದ ಹೊಸ ಬಗೆಯ ಡಿಸ್ಕ್‌ಗಳಿಗೂ ಆಯುಷ್ಯದ ಮಿತಿ ಉಂಟು. ಆದ್ದರಿಂದ ಡಿಸ್ಕ್ ಕೆಡದಂತೆ ಮಾಡುವುದು ಹೇಗೆ ಎಂದು ಕೇಳುವುದಕ್ಕಿಂತ, ಕೆಟ್ಟಾಗಲೂ ಬರಹ ಉಳಿಯುವುದು ಹೇಗೆ ಎಂದು ಕೇಳುವುದೇ ಜಾಣತನ.

ಈ ಪ್ರಶ್ನೆಗೆ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ವ್ಯವಸ್ಥಿತವಾದ ಉತ್ತರವನ್ನು ನೀಡಿದರು. ಬೆಲೆಬಾಳುವ ಒಂದೇ ದೊಡ್ಡ ಡಿಸ್ಕನ್ನು ನಂಬುವ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಒಂದು ಕಟ್ಟಾಗಿ ದುಡಿಸಬೇಕು. ಅದರಲ್ಲಿ ಅಗತ್ಯಕ್ಕಿಂತ ಕೊಂಚ ಹೆಚ್ಚಿನ ಮಾಹಿತಿಯನ್ನು ಬೇಕೆಂದೇ ಇಟ್ಟಿರಬೇಕು ಎಂಬುದು ಅವರ ಸೂತ್ರ. ಈ ಏರ್ಪಾಡಿಗೆ ‘ರೇಡ್’ ಎಂಬ ಹೆಸರು ನಿಂತಿತು. ಮುಂದೆ ‘ಅಗ್ಗದ’ ಎಂಬ ಪದವನ್ನು ಬಿಟ್ಟು ಅದರ ಸ್ಥಾನದಲ್ಲಿ ‘ಸ್ವತಂತ್ರ’ ಎಂಬ ಪದವನ್ನು ಸೇರಿಸಿದರು. ಮಾರುವವರಿಗೆ ತಮ್ಮ ಸರಕನ್ನು ಅಗ್ಗ ಎಂದು ಕರೆದುಕೊಳ್ಳುವುದು ಹಿಡಿಸದಿದ್ದರೆ ಅಚ್ಚರಿಯೇನಿಲ್ಲ.

ರೇಡ್‌ನಲ್ಲಿ ಹಲವು ಬಗೆಗಳಿವೆ. ಮಾಹಿತಿಯನ್ನು ಪಟ್ಟೆಪಟ್ಟೆಯಾಗಿ ಸೀಳಿ ಎಲ್ಲ ಡಿಸ್ಕ್‌ಗಳಿಗೂ ಹಂಚುವುದು ಒಂದು ಬಗೆ. ಹಲವು ಕೈಗಳು ಒಟ್ಟಿಗೆ ದುಡಿಯುವುದರಿಂದ ವೇಗ ಹೆಚ್ಚುತ್ತದೆ. ಆದರೆ ಒಂದು ಡಿಸ್ಕ್ ಕೆಟ್ಟರೆ ಸರ್ವಸ್ವವೂ ಹೋದಂತೆಯೇ. ಇದಕ್ಕೆ ‘ರೇಡ್ ಸೊನ್ನೆ’ ಎಂದು ಹೆಸರು. ರಕ್ಷಣೆಯ ದೃಷ್ಟಿಯಿಂದ ಆ ಅಂಕಿ ಅದಕ್ಕೆ ತಕ್ಕುದಾಗಿಯೇ ಇದೆ. ‘ರೇಡ್ ಒಂದು’ ಎಂಬುದು ಗವಿಮಠ, ಪಾಲ್ಕಿಗುಂಡುಗಳ ಮಾದರಿ: ಒಂದು ಡಿಸ್ಕ್‌ನಲ್ಲಿ ಬರೆದುದೆಲ್ಲ ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಕನ್ನಡಿಯಲ್ಲಿ ಮೂಡಿದಂತೆ ಮೂಡುತ್ತದೆ. ಇದು ಸರಳ, ಭದ್ರ. ಆದರೆ ಕೊಂಡ ಜಾಗದಲ್ಲಿ ಅರ್ಧ ಪ್ರತಿಗೇ ಮೀಸಲು.

ಇಡೀ ಪ್ರತಿಯನ್ನು ಇಡದೆಯೇ ಕಳೆದುದನ್ನು ಮರಳಿ ಪಡೆಯಬಹುದೇ? ಪಡೆಯಬಹುದು. ಬತ್ತದ ಮಾರುಕಟ್ಟೆಯಲ್ಲಿ ಮೂರು ಚೀಲಗಳನ್ನು ತೂಗಿ 74, 76, 75 ಕಿಲೋ ಎಂದು ಮೂರು ಚೀಟಿಗಳಲ್ಲಿ ಬರೆದರೆಂದು ಭಾವಿಸೋಣ. ನಾಲ್ಕನೆಯ ಚೀಟಿಯಲ್ಲಿ ಒಟ್ಟು ಮೊತ್ತ 225 ಎಂದು ಬರೆದಿಟ್ಟರು. ಎರಡನೆಯ ಚೀಟಿ ಗಾಳಿಗೆ ಹಾರಿಹೋಯಿತು. ಚಿಂತೆಯಿಲ್ಲ, 225ರಲ್ಲಿ 74ನ್ನೂ 75ನ್ನೂ ಕಳೆದರೆ 76 ತಾನಾಗಿ ದೊರೆಯುತ್ತದೆ. ಮೂರು ಚೀಟಿಗಳ ರಕ್ಷಣೆಗೆ ಇನ್ನು ಮೂರು ಚೀಟಿಗಳು ಬೇಕಾಗಲಿಲ್ಲ, ಒಂದೇ ಸಾಕಾಯಿತು.

ಗಣಕಯಂತ್ರಕ್ಕೆ ತಿಳಿದಿರುವುದು 0 ಮತ್ತು 1 ಮಾತ್ರ. ಆದ್ದರಿಂದ ಅದು ಮೊತ್ತದ ಬದಲು ಸಮ-ಬೆಸವನ್ನು ನೋಡುತ್ತದೆ. ಮೂರು ಡಿಸ್ಕ್‌ಗಳಲ್ಲಿ ಕ್ರಮವಾಗಿ 1, 0, 1 ಇವೆ. ಒಂದುಗಳು ಎರಡು, ಅಂದರೆ ಸಮಸಂಖ್ಯೆ. ನಾಲ್ಕನೆಯದರಲ್ಲಿ 0 ಎಂದು ಬರೆಯುತ್ತದೆ. ಬೆಸವಾಗಿದ್ದರೆ 1 ಎಂದು ಬರೆಯುತ್ತಿತ್ತು. ಮೂರನೆಯ ಡಿಸ್ಕ್ ಕೆಟ್ಟಿತೆನ್ನಿ. ಉಳಿದವು 1, 0 ಮತ್ತು ಸಮವನ್ನು ಸೂಚಿಸುವ 0. ಒಂದುಗಳು ಸಮವಾಗಬೇಕಾದರೆ ಕಳೆದುಹೋದುದು 1 ಆಗಿರಲೇಬೇಕು. ವಿದ್ಯಾರ್ಥಿಗಳು ಬೇರೆ ಅಂಕಿಗಳನ್ನು ಹಾಕಿ ತಾವೇ ಪರೀಕ್ಷಿಸಬಹುದು. ‘ರೇಡ್ ಐದು’ ಈ ಲೆಕ್ಕವನ್ನೇ ಅವಲಂಬಿಸಿದೆ. ಸಮ-ಬೆಸದ ಗುರುತುಗಳನ್ನು ಒಂದೇ ಡಿಸ್ಕ್‌ನಲ್ಲಿ ಇಡದೆ ಎಲ್ಲದರಲ್ಲಿಯೂ ಸರದಿಯಂತೆ ಹಂಚಿಡುತ್ತದೆ. ಎರಡು ಚೀಟಿಗಳು ಒಟ್ಟಿಗೆ ಹಾರಿಹೋದರೆ ಒಂದೇ ಮೊತ್ತದಿಂದ ಎರಡನ್ನೂ ಕಂಡುಹಿಡಿಯಲಾಗದು. ಅದಕ್ಕಾಗಿ ‘ರೇಡ್ ಆರು’ ಎರಡು ಬೇರೆ ಬೇರೆ ಲೆಕ್ಕಗಳನ್ನು ಇಟ್ಟುಕೊಳ್ಳುತ್ತದೆ.

ಇನ್ನು ಲಾಜಿಕಲ್ ಡ್ರೈವ್ ಎಂಬ ಮಾತು. ಒಬ್ಬ ರೈತನ ಭೂಮಿ ಮೂರು ನಾಲ್ಕು ಸರ್ವೆ ನಂಬರುಗಳಲ್ಲಿ ಇರುವುದುಂಟು. ನಡುವಿನ ಬದುಗಳನ್ನು ತೆಗೆದು ಉತ್ತಾಗ ಅದು ಒಂದೇ ಹೊಲ. ಮುಂದೆ ಮಕ್ಕಳು ಪಾಲು ಮಾಡಿಕೊಂಡಾಗ ಹೊಸ ಬದುಗಳು ಹಳೆಯ ಎಲ್ಲೆಗಳನ್ನು ಅನುಸರಿಸಬೇಕೆಂದಿಲ್ಲ. ಡಿಸ್ಕ್‌ಗಳ ವಿಚಾರವೂ ಹೀಗೆಯೇ. ತಲಾ 4 ಟೆರಾಬೈಟ್ ಹಿಡಿಯುವ ನಾಲ್ಕು ಡಿಸ್ಕ್‌ಗಳನ್ನು ರೇಡ್ ಐದರಲ್ಲಿ ಕಟ್ಟಿದರೆ ಒಂದು ಡಿಸ್ಕ್‌ನಷ್ಟು ಜಾಗ ಲೆಕ್ಕಕ್ಕೆ ಹೋಗಿ 12 ಟೆರಾಬೈಟ್ ಬಳಕೆಗೆ ಉಳಿಯುತ್ತದೆ. ಅದನ್ನು 2 ಮತ್ತು 10 ಎಂದು ಎರಡು ಪಾಲು ಮಾಡಿದರೆ ಅವೇ ಎರಡು ಲಾಜಿಕಲ್ ಡ್ರೈವ್‌ಗಳು. ಸರ್ವರನ್ನು ನಡೆಸುವ ತಂತ್ರಾಂಶಕ್ಕೆ ಈ ಎರಡು ಪಾಲುಗಳಷ್ಟೇ ಕಾಣುತ್ತವೆ. ಹಿಂದೆ ನಾಲ್ಕು ಡಿಸ್ಕ್‌ಗಳಿವೆ ಎಂಬುದು ಅವನ್ನು ಕಟ್ಟಿ ನಿಯಂತ್ರಿಸುವ ಸಾಧನಕ್ಕೆ ಗೊತ್ತು. ಒಂದು ಡಿಸ್ಕ್ ಕೆಟ್ಟರೂ ಪಾಲುಗಳು ಎಂದಿನಂತೆಯೇ ಕಾಣುತ್ತವೆ. ಪಹಣಿ ಕೇಳಿದವನಿಗೆ ಪಹಣಿ ದೊರೆಯುತ್ತದೆ.

ಅಪಾಯ ಅಡಗಿರುವುದೂ ಇಲ್ಲಿಯೇ. ಕೆಲಸ ನಿಲ್ಲದ ಕಾರಣ ಡಿಸ್ಕ್ ಕೆಟ್ಟುದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಸರ್ವರ್‌ನ ಮುಖದಲ್ಲಿ ಸಣ್ಣದೊಂದು ದೀಪ ಎಚ್ಚರಿಸುತ್ತಿರುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಅದನ್ನು ನೋಡುವವರು ಬೇಕು. ಬದಲಿ ಡಿಸ್ಕ್ ಕೂಡ ಮೊದಲೇ ಸಿದ್ಧವಾಗಿರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಾತ್ಕಾಲಿಕ ಹಲಗೆಗಳನ್ನು ತಯಾರಿಸಿ ತಂದು ಇಳಿಸುವವರೆಗೆ ನೀರು ನದಿಗೆ ಹರಿಯುತ್ತಲೇ ಇತ್ತು. ಎಡದಂಡೆ ಕಾಲುವೆಯನ್ನು ನಂಬಿದ ಸಿಂಧನೂರಿನ ರೈತರು ಆ ದಿನಗಳನ್ನು ಮರೆತಿರಲಾರರು. ಹೊಸ ಡಿಸ್ಕ್ ಹಾಕಿದ ಮೇಲೂ ಕಳೆದ ಮಾಹಿತಿಯನ್ನು ಲೆಕ್ಕದಿಂದ ಮರಳಿ ತುಂಬಲು ಹಲವು ಗಂಟೆಗಳು, ಕೆಲವೊಮ್ಮೆ ಒಂದು ದಿನಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ರೇಡ್ ಐದರಲ್ಲಿ ಆ ಅವಧಿಯಲ್ಲಿ ಇನ್ನೊಂದು ಡಿಸ್ಕ್ ಕೆಟ್ಟರೆ ಉಳಿಗಾಲವಿಲ್ಲ.

ರೇಡ್ ಎಲ್ಲ ವಿಪತ್ತುಗಳಿಂದಲೂ ಕಾಪಾಡುತ್ತದೆ ಎಂದು ತಿಳಿಯುವುದು ದೊಡ್ಡ ತಪ್ಪು. ಒಬ್ಬ ನೌಕರನು ಒಂದು ಹೆಸರನ್ನು ಅಳಿಸಿದರೆ ಅದು ಕನ್ನಡಿಯಲ್ಲಿಯೂ ಅದೇ ಕ್ಷಣ ಅಳಿಸುತ್ತದೆ. ತಪ್ಪನ್ನು ಬರೆದರೆ ತಪ್ಪೇ ಎರಡೂ ಕಡೆ ಭದ್ರವಾಗುತ್ತದೆ. ಬೆಂಕಿ ಬಿದ್ದರೆ ನಾಲ್ಕೂ ಡಿಸ್ಕ್‌ಗಳು ಒಂದೇ ಪೆಟ್ಟಿಗೆಯಲ್ಲಿ ಬೇಯುತ್ತವೆ. ಅಶೋಕನ ಪ್ರತಿಗಳು ಮಸ್ಕಿ, ಕೊಪ್ಪಳ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಮಧ್ಯಪ್ರದೇಶದ ರೂಪನಾಥ ಎಂದು ದೂರದೂರ ಹರಡಿದ್ದವು. ಅದರಂತೆ ನಿನ್ನೆಯ, ಕಳೆದ ವಾರದ, ಕಳೆದ ತಿಂಗಳ ಪ್ರತಿಗಳನ್ನು ಸರ್ವರ್‌ನಿಂದ ಬೇರ್ಪಡಿಸಿ, ಬೇರೆ ಊರಿನಲ್ಲಿ ಇಡಬೇಕಾಗುತ್ತದೆ. ಇಟ್ಟರಷ್ಟೇ ಸಾಲದು. ಅನುಭವಸ್ಥರು ಆಗಾಗ ಆ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಹಾಕಿ, ಯಾವುದಾದರೂ ಒಂದು ಸರ್ವೆ ನಂಬರಿನ ಪಹಣಿಯನ್ನು ತೆರೆದು, ಹೆಸರು ಮತ್ತು ಎಕರೆ-ಗುಂಟೆ ಸರಿಯಾಗಿ ಮೂಡುತ್ತವೆಯೇ ಎಂದು ಓದಿನೋಡುತ್ತಾರೆ.