ಹೊಟ್ಟೆ ಉಬ್ಬರಕ್ಕೆ ಕಡಲೆಕಾಯಿ ಎಣ್ಣೆ: ಕುಡಿಸುವ ಮುನ್ನ ತಿಳಿದಿರಲಿ



ರಾಸಿಗೆ ಹೊಟ್ಟೆ ಉಬ್ಬರಿಸಿದಾಗ ಮನೆಯಲ್ಲಿರುವ ಕಡಲೆಕಾಯಿ ಎಣ್ಣೆ ಕುಡಿಸುವುದು ಹಿರಿಯರಿಂದ ಬಂದ ರೂಢಿ. ಈ ರೂಢಿಯಲ್ಲಿ ಹುರುಳಿದೆ. ಆದರೆ ಹೊಟ್ಟೆಗೆ ಇಳಿದರೆ ಔಷಧಿಯಾಗುವ ಎಣ್ಣೆ, ಶ್ವಾಸಕೋಶಕ್ಕೆ ಇಳಿದರೆ ಪ್ರಾಣವನ್ನೇ ತೆಗೆಯಬಹುದು.

ಎಣ್ಣೆ ಮಾಡುವ ಕೆಲಸವೇನು?

ಮೆಲುಕು ಚೀಲದಲ್ಲಿ ಮೇವು ಹುದುಗುವಾಗ ಹುಟ್ಟುವ ಅನಿಲವನ್ನು ಹಸು ತೇಗಿ ಹೊರಹಾಕುತ್ತದೆ. ಕುದುರೆಮೆಂತ್ಯದಂತಹ ಎಳೆಯ ದ್ವಿದಳ ಮೇವನ್ನು ಹಸಿದ ಹೊಟ್ಟೆಯಲ್ಲಿ ಹೆಚ್ಚಾಗಿ ತಿಂದರೆ ಅನಿಲವು ನೊರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತೇಗು ನಿಂತು, ಎಡಪಕ್ಕೆ ಉಬ್ಬಿ, ಉಸಿರಾಟ ಕಷ್ಟವಾಗುತ್ತದೆ. ಎಣ್ಣೆಯು ನೊರೆಯ ಗುಳ್ಳೆಗಳನ್ನು ಒಡೆದು ಅನಿಲವನ್ನು ಬಿಡಿಸುತ್ತದೆ. ದೊಡ್ಡ ಹಸುವಿಗೆ 250ರಿಂದ 500 ಮಿ.ಲೀ. ಸಾಕು. ಕರುವಿಗೆ ಎಷ್ಟೆಂಬುದನ್ನು ಪಶುವೈದ್ಯರೇ ಹೇಳಬೇಕು.

ಕುಡಿಸುವ ಕ್ರಮ

1. ರಾಸು ನಿಂತಿರಬೇಕು. ಮಲಗಿದ ಅಥವಾ ತೂರಾಡುವ ರಾಸಿನ ಬಾಯಿಗೆ ಏನನ್ನೂ ಹೊಯ್ಯಬೇಡಿ.
2. ಮೂತಿಯನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆತ್ತಬೇಡಿ. ನಾಲಿಗೆಯನ್ನು ಹೊರಗೆಳೆಯಬೇಡಿ, ನಾಲಿಗೆ ಹಿಡಿದರೆ ನುಂಗಲಾಗುವುದಿಲ್ಲ.
3. ಗೊಟ್ಟವನ್ನು ಬಾಯಿಯ ಪಕ್ಕದಿಂದ ಇಟ್ಟು, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು ಗುಟುಕು ಹೊಯ್ಯಿರಿ. ಗಾಜಿನ ಬಾಟಲಿ ಬೇಡ.
4. ಕೆಮ್ಮಿದರೆ ಕೂಡಲೇ ನಿಲ್ಲಿಸಿ, ತಲೆಯನ್ನು ಬಿಟ್ಟುಬಿಡಿ. ಶ್ವಾಸಕೋಶಕ್ಕೆ ಎಣ್ಣೆ ಸೇರಿ ಬರುವ ನ್ಯುಮೋನಿಯಾ ಚಿಕಿತ್ಸೆಗೆ ಬಗ್ಗುವುದು ಕಷ್ಟ.

ಎಣ್ಣೆ ಯಾವಾಗ ಬೇಡ?

ಜೊಲ್ಲು ಸುರಿಸುತ್ತಾ, ಕತ್ತು ಚಾಚಿ, ನುಂಗಲು ಒದ್ದಾಡುತ್ತಿದ್ದರೆ ಮಾವಿನ ಓಟೆಯೋ ಗೆಡ್ಡೆಯೋ ಅನ್ನನಾಳದಲ್ಲಿ ಸಿಕ್ಕಿರಬಹುದು. ಆಗ ಎಣ್ಣೆ ಹೊಯ್ದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯ ಹೆಚ್ಚು. ಮದುವೆ ಮನೆಯ ಅನ್ನವನ್ನೋ ಧಾನ್ಯವನ್ನೋ ವಿಪರೀತ ತಿಂದಿದ್ದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚುತ್ತದೆ. ಅದಕ್ಕೆ ಎಣ್ಣೆ ಮದ್ದಲ್ಲ. ಬೇವಿನೆಣ್ಣೆ, ಹೊಂಗೆ ಎಣ್ಣೆ, ಸೀಮೆಎಣ್ಣೆಗಳನ್ನು ಎಂದಿಗೂ ಕುಡಿಸಬೇಡಿ.

ಫ್ಯಾಟ್ ಏರಿಸಲು ಎಣ್ಣೆ?

ಹಾಲಿನ ಫ್ಯಾಟ್ ಹೆಚ್ಚಲೆಂದು ಕೆಲವರು ದಿನವೂ ಹಿಂಡಿಗೆ ಎಣ್ಣೆ ಬೆರೆಸುತ್ತಾರೆ. ಎಣ್ಣೆ ಹೆಚ್ಚಾದರೆ ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳ ಕೆಲಸ ಕುಂದಿ, ಫ್ಯಾಟ್ ಇಳಿಯುವುದೇ ಉಂಟು. ಎಣ್ಣೆಯ ಖರ್ಚೂ ಹೋಯಿತು, ಹಾಲಿನ ದರವೂ ಹೋಯಿತು. ಫ್ಯಾಟ್‌ಗೆ ಬೇಕಾದದ್ದು ಸಾಕಷ್ಟು ಒಣಹುಲ್ಲು, ನಾರಿನ ಮೇವು.

ಉಬ್ಬರ ಬಾರದಂತೆ ನೋಡಿಕೊಳ್ಳುವುದೇ ಲೇಸು. ಮೊದಲು ರಾಗಿ ಹುಲ್ಲು ತಿನ್ನಿಸಿ, ನಂತರ ಎಳೆ ಹಸಿಮೇವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಉಬ್ಬರ ಕಂಡ ಕೂಡಲೇ, ಎಣ್ಣೆ ಹುಡುಕುವ ಮೊದಲೇ, ನಿಮ್ಮ ಸಂಘದ ಮೂಲಕ ಪಶುವೈದ್ಯರಿಗೆ ತಿಳಿಸಿ ಅಥವಾ 1962ಕ್ಕೆ ಕರೆ ಮಾಡಿ. ನೊರೆಯುಬ್ಬರದಲ್ಲಿ ಎಣ್ಣೆ ಪ್ರಥಮ ಚಿಕಿತ್ಸೆ ಮಾತ್ರ. ಉಸಿರುಗಟ್ಟುತ್ತಿರುವ ರಾಸಿಗೆ ವೈದ್ಯರ ಕೈಯೇ ಬೇಕು.